ಬಾಣಂತನಕ್ಕ ಹೋದಾಕಿ ಊರು ನೋಡಬಾರದೇನು?

ಹೋದ ತಿಂಗಳ ಒಂದು ಮುಂಜವಿಯೊಳಗ ಎರಡನೇ ಪಂಕ್ತಿಗೆ ಕೂತಿದ್ದೆ. ಬಾಜೂಕ ನಮ್ಮ ದೂರದ ಸಂಬಂಧದ ಮಾವಶಿಯೊಬ್ರು ಕೂತಿದ್ರು. ಹೆಸರು ಹೇಳೂದಿಲ್ಲ. ಹೇಳಿದ್ರ ಇದನ್ನ ಓದೋರೊಳಗ ಅರ್ಧ ಮಂದಿಗೆ ಅವರು ಅತ್ತೀನರ ಆಗ್ತಾರ, ಅಬಚೀನರ ಆಗ್ತಾರ. ಎಲಿ ಮ್ಯಾಲೆ ಇನ್ನ ಉಪ್ಪು, ಕೋಸಂಬರಿ ಬಿದ್ದಿದ್ದು ಅಷ್ಟ, ಶುರು ಮಾಡಿದ್ರು.

"ಏನವಾ, ಮಗಳ ಬಾಣಂತನಕ್ಕ ಅಂತ ಜರ್ಮನಿಗೆ ಹೋದಾಕಿ, ಅಲ್ಲಿಂದ ಗಂಡಾ ಹೆಂಡ್ತಿ ಇಬ್ರೂ ಇಟಲಿಗೆ ಅಡ್ಡಾಡ್ಲಿಕ್ಕೆ ಹೋಗಿದ್ರಿ ಅಂತ? ಎಳೀ ಕೂಸು ಬಿಟ್ಟು ಹೋಗ್ಲಿಕ್ಕೆ ಮನಸರ ಹೆಂಗ ಬಂತು?"

"ಬರೇ ಮೂರು ರಾತ್ರಿ, ಮಾವಶಿ" ಅಂದೆ.

"ಒಂದು ರಾತ್ರಿ ಆದ್ರೂ ಬಿಟ್ಟಂಗಽ. ಮತ್ತ ಅಲ್ಲೆ ಏನದ ನೋಡ್ಲಿಕ್ಕೆ? ಅವರ ಚರ್ಚು, ಬತ್ತಲೆ ಗೊಂಬಿ. ಅದಽ ರೊಕ್ಕದಾಗ ಬಂಗಾರ ತೊಗೊಂಡಿದ್ರ ಮೊಮ್ಮಗಳಿಗೆ ಒಂದು ಜೋಡು ಬಿಂದ್ಲಿ ಆಗ್ತಿದ್ವು."

ಊಟಕ್ಕ ಕೂತಾಗ ಜಗಳ ಬ್ಯಾಡ ಅಂತ ಸುಮ್ಮನಾದೆ. ಹೋಳಿಗಿ ಎರಡು ತಿಂದೆ, ಅರಗಿದ್ವು. ಆ ಮಾತು ಮಾತ್ರ ಇನ್ನೂ ಅರಗವಲ್ತು. ಯಾಕಂದ್ರ ಇದು ಒಬ್ಬ ಮಾವಶಿ ಮಾತಲ್ಲ. ಬಂದಾಗಿಂದ ನನಗ ಇದನ್ನ ಹತ್ತು ಮಂದಿ ಹತ್ತು ನಮೂನಿ ಕೇಳ್ಯಾರ. ಕೆಲವರು ನಕ್ಕೋತ ಕೇಳಿದ್ರು, ಕೆಲವರು ಬರೇ ಹುಬ್ಬು ಏರಿಸಿದ್ರು. ಒಬ್ಬಾಕಿಯಂತೂ "ಈ ವಯಸ್ಸಿನ್ಯಾಗ ಹನಿಮೂನ್ ಏನs ವೈನಿ?" ಅಂದ್ಲು. ನಮ್ಮನಿಯವರಿಗೆ ಮಾತ್ರ ಒಬ್ಬರೂ ಕೇಳಿಲ್ಲ ನೋಡ್ರಿ. ಅವರಿಗೆ ಕೇಳೂದು "ಫ್ಲಾರೆನ್ಸ್ ಹೆಂಗದ ರಾಯರ, ಥಂಡಿ ಭಾಳ ಇತ್ತೇನು?" ಅಂತ. ಕೂಸು ಬಿಟ್ಟು ಹೋದಾಕಿ ನಾನೊಬ್ಬಾಕಿ, ಊರು ನೋಡಿ ಬಂದವರು ಅವರು! ಹೋದ ರೇಲ್ವೆ ಒಂದಽ, ತಿಕೀಟು ಎರಡೂ ಒಂದಽ ಕಡೆ ತಗದದ್ದು.

ಅದಕ್ಕ ಇವತ್ತು ಎಲ್ಲಾರಿಗೂ ಕೂಡಿಸಿ ಒಂದಽ ಸಲ ಉತ್ತರಾ ಹೇಳಿಬಿಡ್ತೀನಿ.

ಮೊದಲು ಕೂಸಿನ ಮಾತು. ನಾವು ಮ್ಯೂನಿಕ್‌ನ್ಯಾಗ ಮಗಳ ಮನ್ಯಾಗ ಇದ್ದದ್ದು ಐದು ತಿಂಗಳು. ಹೋದ ದಿವಸದಿಂದ ಎಣ್ಣಿ ನೀರು, ಅಂಟಿನುಂಡಿ, ಮೆಂತೆದ ಹಿಟ್ಟು, ಸಬ್ಬಸಗಿ ಪಲ್ಯಾ, ಕೂಸಿನ ಅರಿವಿ, ರಾತ್ರಿ ಎತಗೊಂಡು ಅಡ್ಡಾಡೂದು, ಎಲ್ಲಾ ಮಾಡೇನಿ. ಹೇಳಿಕೊಳ್ಳಿಕ್ಕೆ ಹೇಳವಲ್ಲೆ, ಇದನ್ನ ಓದೋ ನೀವೂ ಎಲ್ಲಾರೂ ಮಾಡೀರಿ. ಕೂಸಿಗೆ ಮೂರೂವರಿ ತಿಂಗಳಾತು, ಮಗಳು ಗಟ್ಟಿಯಾದ್ಲು. ಆವಾಗ ಅಕಿನಽ ಹೇಳಿದ್ಲು: "ಅವ್ವಾ, ನೀನು ಬಂದಾಗಿಂದ ಈ ಅಡಗಿಮನಿ ಖಿಡಕಿಯೊಳಗ ಒಂದು ಪಾರ್ಕಿಂಗು ನೋಡಿದ್ದು ಬಿಟ್ರ ಏನು ನೋಡೀದಿ? ನಿಮ್ಮ ವೀಸಾದ ಮ್ಯಾಲೆ ಇಟಲಿಗೂ ಹೋಗ್ಲಿಕ್ಕೆ ಬರ್ತದ. ಅಪ್ಪನ್ನ ಕರಕೊಂಡು ಮೂರು ದಿವಸ ಹೋಗಿ ಬಾ."

ನಾನು ಮೊದಲು ಹೇಳಿದ್ದೂ ಮಾವಶಿ ಮಾತಽ. "ಕೂಸು ಬಿಟ್ಟು ಹೆಂಗ ಹೋಗಲಿ?" ಅಂದೆ. ಅಳಿಯಾ ಚಹಾ ಸೋಸ್ಲಿಕ್ಕೆ ಹತ್ತಿದ್ದಾ. ಅಲ್ಲಿಂದಽ ಹೇಳಿದಾ: "ಅತ್ತೀ, ಕೂಸಿಗೆ ಅಪ್ಪ ಇದ್ದಾನ್ರಿ."

ನೋಡ್ರಿ, ಆ ದೇಶದಾಗ ಅಪ್ಪಂದ್ರಿಗೂ ಕೂಸು ನೋಡ್ಕೊಳ್ಳಿಕ್ಕೆ ರಜಾ ಕೊಡ್ತಾರ. ಅಂವ ರಜಾ ಹಾಕಿದ್ದಾ. ಲಂಗೋಟಿ ಬದಲಾಯಿಸ್ತಿದ್ದಾ, ಢೇಕರಿ ತರಸ್ತಿದ್ದಾ. ನನ್ನ ಕೈಯಾಗ ಅಳೋ ಕೂಸು ಅವನ ಎದಿ ಮ್ಯಾಲೆ ಗಪ್ಪಾಗ್ತಿತ್ತು. ಅಷ್ಟೆಲ್ಲಾ ಕಣ್ಣಲೆ ನೋಡಿಕೋತ ನಾನು "ಕೂಸು ಬಿಟ್ಟು ಹೆಂಗ ಹೋಗಲಿ" ಅಂತಿದ್ದೆ. ಅಂದ್ರ ಏನಾತು? ನಾ ಇಲ್ಲದಽ ಮನಿ ನಡೀತದ ಅನ್ನೋದು ನನಗಽ ಬ್ಯಾಡಾಗಿತ್ತು. ಇದನ್ನ ಮಾವಶಿಗಿಂತಾ ಮೊದಲು ನನಗ ನಾ ಹೇಳಿಕೋಬೇಕಾಗಿತ್ತು, ಅದಕ್ಕ ಬರದೇನಿ.

ಹೋದ್ವಿ. ಮ್ಯೂನಿಕ್‌ನಿಂದ ಮುಂಜಾನೆ ರೇಲ್ವೆ. ಆಲ್ಪ್ಸ್ ಗುಡ್ಡಾ ದಾಟಿ, ಬ್ರೆನ್ನರ್ ಘಾಟ ಇಳದು, ಬೊಲೊನ್ಯಾದಾಗ ಗಾಡಿ ಬದಲಿ ಮಾಡಿ ಸಂಜಿಮುಂದ ಫ್ಲಾರೆನ್ಸ್. ಆ ಊರಿನವರು ತಮ್ಮ ಊರಿಗೆ ಫಿರೆಂಜೆ ಅಂತಾರ. ದಾರ್ಯಾಗ ಮಗಳಿಗೆ ಒಂಬತ್ತು ಸಲ ಫೋನ್ ಮಾಡಿದೆ. ಒಂಬತ್ತನೇ ಸಲ ಅಕಿ ಎತ್ತಲಿಲ್ಲ. "ಕೂಸು ಮಲಗೇದ, ನೀನೂ ಮಲಗು" ಅಂತ ಬರದು ಕಳಿಸಿದ್ಲು.

ಇನ್ನ ಅಲ್ಲೆ ನೋಡ್ಲಿಕ್ಕೆ ಏನದ ಅನ್ನೋ ಮಾತು.

ಮೊದಲನೇ ಮುಂಜಾನೆ ದೊಡ್ಡ ಚರ್ಚಿನ ಗುಮ್ಮಟಾ ಹತ್ತೋದಿತ್ತು. 463 ಮೆಟ್ಟಲಾ. ಲಿಫ್ಟ್ ಇಲ್ಲ. ನಮ್ಮನಿಯವರ ಮೊಣಕಾಲಿನ ಸಂಗತಿ ನಿಮಗ ಗೊತ್ತದ, ಅವರು ಕೆಳಗ ಕಟ್ಟಿ ಮ್ಯಾಲೆ ನನ್ನ ಬ್ಯಾಗು ಹಿಡಕೊಂಡು ಕೂತ್ರು. ನನ್ನ ಬ್ಯಾಗು ಅವರು ಹಿಡಕೊಂಡು ಕೂತಿದ್ದು ಮೂವತ್ತಾರು ವರ್ಷದಾಗ ಅದಽ ಮೊದಲು. ನಾ ಒಬ್ಬಾಕಿನಽ ಹತ್ತಿದೆ.

ಆ ಚರ್ಚು ಕಟ್ಲಿಕ್ಕೆ ಶುರು ಮಾಡಿದ್ದು 1296ರಾಗ. ಗ್ವಾಡಿ ಎದ್ವು, ಕಂಬಾ ನಿಂತ್ವು, ಗುಮ್ಮಟ ಮಾತ್ರ ಕಟ್ಟೋದು ಹೆಂಗ ಅಂತ ಯಾರಿಗೂ ತಿಳೀಲಿಲ್ಲ. ಸುಮಾರು 45 ಮೀಟರ್ ಅಗಲದ ತೆರವು. ಅಷ್ಟ ದೊಡ್ಡ ಕಮಾನಿಗೆ ಕೆಳಗಿಂದ ಕಟಿಗಿ ಆಸರಾ ಕೊಡ್ಲಿಕ್ಕೆ ಆಗೂ ಮಾತಲ್ಲ. ಮ್ಯಾಲೆ ಬಾಯಿ ತಕ್ಕೊಂಡಽ ಎಷ್ಟೋ ವರ್ಷ ನಿಂತಿತ್ತು. ಕಡೀಕೆ ಬ್ರುನೆಲೆಸ್ಕಿ ಅಂತ ಒಬ್ಬಾಂವ ಮುಂದ ಬಂದಾ. ಕಸಬು ಕಲತದ್ದು ಅಕ್ಕಸಾಲಿಗನ ಕೆಲಸ! ಕೆಳಗಿನ ಆಸರಾ ಇಲ್ಲದಽ ಕಟ್ತೀನಿ ಅಂದಾ. 1420ರಾಗ ಶುರು ಮಾಡಿ 1436ರಾಗ ಮುಗಿಸಿದಾ. ಒಳಗೊಂದು ಹೊರಗೊಂದು, ಎರಡು ಪದರಿನ ಗುಮ್ಮಟಾ. ಮೆಟ್ಟಲಾ ಆ ಎರಡರ ನಡುವಽ ಹೋಗ್ತಾವ. ಗ್ವಾಡಿಗೆ ಕೈ ಹಚ್ಚಿ ನೋಡಿದೆ. ಅಡ್ಡ ಇಟ್ಟಂಗಿ ಸಾಲಿನ ನಡು ನಡು ಒಂದೊಂದು ಇಟ್ಟಂಗಿ ನೆಟ್ಟಗ ನಿಂದ್ರಿಸ್ಯಾರ, ಥೇಟ್ ಜಡಿ ಹೆಣದಂಗ. ಆ ನಿಂತ ಇಟ್ಟಂಗಿ ಬಾಜೂಕಿನ ಇಟ್ಟಂಗಿ ಜಾರದಂಗ ಹಿಡಕೋತದ, ಗಾರಿ ಒಣಗೋತನಕಾ.

ನನಗ ಕಣ್ಣಾಗ ನೀರು ಬಂತು. ಕಟ್ಟಿದ್ದು ಚರ್ಚು ಅಂತ ಅಲ್ಲ, ಗುಡಿ ಅಂತ ಅಲ್ಲ. "ಆಗೂದಿಲ್ಲ" ಅಂತ ಇಡೀ ಊರು ಅಂದಾಗ ಒಬ್ಬ ಮನುಷ್ಯಾ ಇಟ್ಟಂಗಿಗೆ ಇಟ್ಟಂಗಿ ಆಸರಾ ಮಾಡಿ ಮ್ಯಾಲೆ ಹೋದಾ ಅಲ್ಲ, ಅದಕ್ಕ. ಮ್ಯಾಲೆ ಹೋಗಿ ಗಾಳಿಯೊಳಗ ನಿಂತೆ. ಕೆಂಪು ಹಂಚಿನ ಊರು, ನಡು ಆರ್ನೋ ಹೊಳಿ, ಸುತ್ತ ಗುಡ್ಡಾ. ಒಂದು ತಾಸಿನತನಕಾ ನನ್ನನ್ನ ಯಾರೂ ಕರೀಲಿಲ್ಲ. "ಅವ್ವಾ" ಇಲ್ಲ, "ವೈನಿ" ಇಲ್ಲ, "ಏನs" ಇಲ್ಲ. ನಿಮ್ಮೊಳಗ ಎಷ್ಟು ಮಂದಿಗೆ ಇಂಥಾ ಒಂದು ತಾಸು ಸಿಕ್ಕದ, ಕೈ ಎತ್ರಿ ನೋಡೂಣು.

ಇನ್ನ ಬತ್ತಲೆ ಗೊಂಬಿ. ಹೌದು, ಡೇವಿಡ್ ನೋಡಿದ್ವಿ. ಮೈಕೆಲ್ಯಾಂಜೆಲೊ 1501ರಿಂದ 1504ರ ತನಕಾ ಕೆತ್ತಿದ್ದು. ಬ್ಯಾರೆ ಶಿಲ್ಪಿಗಳು ಅರ್ಧಕ್ಕ ಬಿಟ್ಟ ಕಲ್ಲು, ಎಷ್ಟೋ ವರ್ಷ ಅಂಗಳದಾಗ ಮಳಿ ಬಿಸಲಾಗ ಬಿದ್ದಿತ್ತು. ಅದರೊಳಗಿಂದ 17 ಫೂಟಿನ ಈ ಹುಡುಗನ್ನ ತಗದಾ. ಹುಡುಗನ್ನ ಅಂತಽ ಅಂತೀನಿ. ದೈತ್ಯನ ಮುಂದ ಕವಣಿಕಲ್ಲು ಹಿಡಕೊಂಡು ನಿಂತ ಹುಡುಗಾ ಅಂವ. ಹುಬ್ಬು ಗಂಟು ಹಾಕ್ಯಾನ, ಕೈಯಾಗಿನ ನರಾ ಉಬ್ಬ್ಯಾವ. ಅವನ ಹೆದರಿಕಿ ಕಾಣ್ತದ, ಧೈರ್ಯಾನೂ ಕಾಣ್ತದ. ಅರಿವಿ ಇಲ್ಲದ್ದು ನೆನಪಿಗೆ ಬರೂದಿಲ್ಲ.

ಮಾವಶಿ, ನಿಮಗೊಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಶ್ರವಣಬೆಳಗೊಳದ ಗೊಮ್ಮಟನ್ನ ನೋಡ್ಲಿಕ್ಕೆ ನೀವು ಬಸ್ ಮಾಡಿಕೊಂಡು ಹೋಗಿದ್ರಿ. ಫೋಟೋ ನಿಮ್ಮ ಪಡಸಾಲ್ಯಾಗ ಇನ್ನೂ ಅದ. ಅಂವ 58 ಫೂಟು, ಅವನ ಮೈಮ್ಯಾಲೂ ಬಳ್ಳಿ ಬಿಟ್ರ ಏನಿಲ್ಲ. ಅಲ್ಲೆ ಕೈ ಮುಗದವರು ಇಲ್ಲೆ ಮೂಗು ಮುರಿಯೂದು ಯಾವ ನ್ಯಾಯ? ಅಂವ ಎಲ್ಲಾ ಬಿಟ್ಟು ನಿಂತಾಂವ, ಇಂವ ಜಗಳಕ್ಕ ನಿಂತಾಂವ, ಅರ್ಥ ಬ್ಯಾರೆ ಬ್ಯಾರೆ ಅವ, ಒಪ್ಪಿದೆ. ಆದ್ರ ನಾಚಿಕಿ ಕಲ್ಲಿನ್ಯಾಗ ಇಲ್ಲ, ಅಷ್ಟಽ ನನ್ನ ಮಾತು.

ಆವತ್ತಽ ಉಫಿಜಿ ಅನ್ನೋ ದೊಡ್ಡ ಚಿತ್ರಶಾಲೀನೂ ನೋಡಿದ್ವಿ. ಉಫಿಜಿ ಅಂದ್ರ ಕಚೇರಿ. ಮೊದಲು ಸರಕಾರಿ ಕಚೇರಿಗೆ ಅಂತ ಕಟ್ಟಿದ್ದು. ಎಲ್ಲಾ ಚಿತ್ರಾ ನೋಡ್ಲಿಕ್ಕೆ ಹೋದ್ರ ಕಾಲೂ ಉಳಿಯೂದಿಲ್ಲ, ತಲಿನೂ ಉಳಿಯೂದಿಲ್ಲ. ನಾವು ಹತ್ತು ಹನ್ನೆರಡು ಮಾತ್ರ ನಿಂತು ನೋಡಿದ್ವಿ. ಅದರಾಗ ಒಂದು ಆರ್ತೆಮಿಸಿಯಾ ಜೆಂಟಿಲೆಸ್ಕಿ ಅನ್ನೋ ಹೆಣ್ಮಗಳು ಬರದದ್ದು. ಊರು ಮುತ್ತಿದ ಸೇನಾಪತಿಯ ಕುತ್ತಿಗಿ ಕೊಯ್ಯೋ ಜುಡಿತ್, ಅಕಿ ಜೋಡಿ ಅಕಿ ಸೇವಕಿ. ಬ್ಯಾರೆಯವರು ಇದನ್ನ ಬರದಾಗ ಸೇವಕಿ ಬಾಜೂಕ ಚೀಲಾ ಹಿಡಕೊಂಡು ನಿಲ್ತಾಳ. ಈಕಿ ಚಿತ್ರದಾಗ ಸೇವಕೀನೂ ಮ್ಯಾಲೆ ಬಿದ್ದು ಅವನ್ನ ಒತ್ತಿ ಹಿಡದಾಳ. ಇಬ್ಬರೂ ತೋಳು ಮ್ಯಾಲೇರಿಸ್ಯಾರ, ಹಪ್ಪಳದ ಹಿಟ್ಟು ಕುಟ್ಲಿಕ್ಕೆ ನಿಂತ ಹೆಣ್ಮಕ್ಕಳಂಗ. ನಾಚಿಕಿ ಇಲ್ಲ, ಮೂರ್ಛಿ ಇಲ್ಲ, ಕೆಲಸದ ಮ್ಯಾಲೆ ಲಕ್ಷ್ಯ.

ಈಕಿ ಹುಡುಗಿ ಇದ್ದಾಗ ಚಿತ್ರಾ ಕಲಿಸ್ಲಿಕ್ಕೆ ಬರ್ತಿದ್ದಾಂವನಽ ಅಕಿನ್ನ ಕೆಡಿಸಿದಾ. ರೋಮ್‌ನ್ಯಾಗ 1612ರಾಗ ಖಟ್ಲೆ ನಡೀತು. ಅಕಿ ಖರೇ ಹೇಳ್ತಾಳೇನು ಅಂತ ನೋಡ್ಲಿಕ್ಕೆ ಅಕಿ ಬಟ್ಟಿಗೆ ಹಗ್ಗಾ ಸುತ್ತಿ ಬಿಗದ್ರಂತ. ಚಿತ್ರಾ ಬರಿಯೋ ಬಟ್ಟು! ಅಕಿ ಮಾತು ಬದಲಿಸ್ಲಿಲ್ಲ. ಆಮ್ಯಾಲೆ ಫ್ಲಾರೆನ್ಸಿಗೆ ಬಂದ್ಲು, 1616ರಾಗ ಅಲ್ಲಿನ ಚಿತ್ರಕಾರರ ಅಕಾಡೆಮಿಯೊಳಗ ಸದಸ್ಯಳಾದ ಮೊದಲನೇ ಹೆಂಗಸು ಅಕಿನಽ. ಇದು "ನಮಗ ಸಂಬಂಧ ಇಲ್ಲದ್ದು" ಏನ್ರಿ? ನಮ್ಮ ಓಣ್ಯಾಗ ಇಂಥಾದ್ದು ಆದಾಗ ನಾವು ಯಾರ ಬಟ್ಟು ಬಿಗೀತೀವಿ, ಒಮ್ಮೆ ವಿಚಾರ ಮಾಡ್ರಿ.

ಊಟದ ಮಾತು ಲಗೂನ ಮುಗಸ್ತೀನಿ. "ಅಲ್ಲೆ ನಮಗ ತಿನ್ಲಿಕ್ಕೆ ಏನು ಸಿಗ್ತದ" ಅಂತ ಎಲ್ಲಾರೂ ಅಂತಾರ. ಆ ಸೀಮಿಯೊಳಗ ಬ್ರೆಡ್ಡಿಗೆ ಉಪ್ಪಽ ಹಾಕೂದಿಲ್ಲ, ಅದು ಖರೇ. ನಮ್ಮನಿಯವರು ಶೇಂಗಾ ಚಟ್ನಿಪುಡಿ ಡಬ್ಬಿ ತಗದ್ರು, ಸರಿಹೋತು. ಆದ್ರ ರಿಬೊಲ್ಲಿತಾ ಅಂತ ಒಂದು ಮಾಡ್ತಾರ. ತಂಗಳ ಬ್ರೆಡ್ಡು, ಬಿಳೇ ಅವರಿಯಂಥಾ ಕಾಳು, ಕರೇ ಕೋಬಿ ಸೊಪ್ಪು, ಎಲ್ಲಾ ಕೂಡಿಸಿ ಕುದಿಸಿ ಮರುದಿನಾ ಮತ್ತ ಕುದಸ್ತಾರ. ಹೆಸರಿನ ಅರ್ಥಾನಽ ಮತ್ತ ಕುದಿಸಿದ್ದು ಅಂತ. ತಂಗಳ ಭಕ್ಕರಿ ಮುರದು ಒಗ್ಗರಣಿ ಕೊಡೋ ನಮಗ ಇದು ಹೊಸಾದೇನಲ್ಲ. ಉಳದದ್ದು ಚೆಲ್ಲಲಾರದ ಹೆಣ್ಮಕ್ಕಳು ಎಲ್ಲಾ ದೇಶದಾಗೂ ಇದ್ದಾರ.

ಎರಡನೇ ದಿವಸದ ಮುಂಜಾನಿ ಮಾತು ಸಾವಕಾಶ ಹೇಳ್ತೀನಿ. ಇದಽ ಮಾವಶಿಗೆ ನನ್ನ ಖರೇ ಉತ್ತರಾ.

ಆ ಊರಾಗ ಇನ್ನೊಸೆಂಟಿ ಅಂತ ಅನಾಥ ಕೂಸುಗಳ ಆಶ್ರಮ ಅದ. ರೇಷ್ಮಿ ವ್ಯಾಪಾರಿಗಳ ಸಂಘದವರು ರೊಕ್ಕಾ ಹಾಕಿ 1419ರಾಗ ಕಟ್ಲಿಕ್ಕೆ ಶುರು ಮಾಡಿದ್ದು. ನಕಾಶಿ ಅದಽ ಗುಮ್ಮಟದ ಬ್ರುನೆಲೆಸ್ಕಿದು. 1445ರಾಗ ಮೊದಲನೇ ಕೂಸು ಬಂತು, ಹೆಣ್ಣು. ಅಗಾತಾ ಅಂತ ಹೆಸರಿಟ್ರು. ಮುಂದ ಕಮಾನಿನ ಸಾಲಿನ ಮ್ಯಾಲೆ ಗುಂಡಗ ನೀಲಿ ಬಣ್ಣದ ಬಿಲ್ಲೆ, ಒಂದೊಂದರಾಗ ಒಂದೊಂದು ಕೂಸು, ಮೈಗೆ ಅರಿವಿ ಸುತ್ತಿದ್ದು. ಆಂದ್ರೆಯಾ ದೆಲ್ಲಾ ರಾಬಿಯಾ ಅನ್ನಾಂವ ಮಣ್ಣಾಗ ಮಾಡಿ ಸುಟ್ಟು ಹೊಳಪು ಕೊಟ್ಟಾನ. ನಾವು ಎರದು ನೀರು ಹಾಕಿ ಕೂಸಿಗೆ ಹಳೇ ಧೋತರದಾಗ ಗಟ್ಟ್ಯಾಗಿ ಸುತ್ತಿ ಮಲಗಸ್ತೀವಲ್ಲ, ಹಂಗಽ. ಮೂರೂವರಿ ತಿಂಗಳು ದಿನಾ ಅದನ್ನಽ ಮಾಡಿದ ಕೈ ನನ್ನದು. ನೋಡಿಕೋತ ನಿಂತೆ.

ಒಳಗ ಮ್ಯೂಜಿಯಂ ಅದ. ಅಲ್ಲೊಂದು ಗ್ವಾಡಿ ತುಂಬ ಸಣ್ಣ ಸಣ್ಣ ಡ್ರಾವರು, ಒಂದೊಂದರ ಮ್ಯಾಲೆ ಒಂದೊಂದು ಕೂಸಿನ ಹೆಸರು. ಜಗ್ಗಿದ್ರ ಒಳಗ ಅರ್ಧ ಮುರದ ನಾಣ್ಯಾ, ಅರ್ಧ ಪದಕಾ, ಒಂದು ಮಣಿ, ಅರಿವಿ ತುಂಡು. ಕೂಸು ಬಿಟ್ಟು ಹೋದ ತಾಯಂದ್ರು ಅರ್ಧಾ ಕೂಸಿನ ಜೋಡಿ ಇಟ್ಟು, ಅರ್ಧಾ ತಾವು ಇಟಗೊಂಡು ಹೋಗ್ತಿದ್ರಂತ. ಮುಂದ ಎಂದರ ದಿನಾ ಛಲೋ ಬಂದ್ರ, ಬಂದು ಎರಡೂ ಜೋಡಿಸಿ "ಇದು ನನ್ನ ಕೂಸು" ಅನ್ಲಿಕ್ಕೆ. 1875ರ ತನಕಾ ಆ ಆಶ್ರಮದ ಖಿಡಕಿಯೊಳಗ ಗುಪ್ತಾಗಿ ಕೂಸು ಇಟ್ಟು ಹೋಗ್ಲಿಕ್ಕೆ ಬರ್ತಿತ್ತು. ಆ ಡ್ರಾವರಿನ್ಯಾಗ ಇರೋ ಅರ್ಧಕ್ಕ ಇನ್ನರ್ಧ ಬರಲಿಲ್ಲ ಅಂತಽ ಅದು ಇನ್ನೂ ಅಲ್ಲೆ ಅದ.

ನಾ ಅಲ್ಲೆ ಬೆಂಚಿನ ಮ್ಯಾಲೆ ಕೂತುಬಿಟ್ಟೆ. ನಮ್ಮನಿಯವರು "ಯಾಕs, ತಲಿ ತಿರಗ್ತದೇನು?" ಅಂದ್ರು. ಇಲ್ಲ ಅಂದೆ.

ಮಾವಶಿ, ಕೂಸು ಬಿಡೂದು ಅಂದ್ರ ಅದು. ಬಡತನಕ್ಕ, ಮಂದಿ ಮಾತಿಗೆ, ಮರ್ಯಾದಿ ಅಂಜಿಕಿಗೆ, ಹಸಿ ಮೈಯಾಗ ನಡಕೋತ ಬಂದು ಖಿಡಕಿಯೊಳಗ ಇಟ್ಟು ಹೋಗೂದು. ಅವ್ವ, ಅಪ್ಪ, ಬೆಚ್ಚನ ಮನಿ, ತುಂಬಿದ ಫ್ರಿಜ್ಜು ಇರೋ ಮೊಮ್ಮಗಳನ್ನ ಮೂರು ರಾತ್ರಿ ಅವರ ಕಡೆನಽ ಇಟ್ಟು ಬರೂದಕ್ಕ ಆ ಶಬ್ದಾ ಬಳಸಬ್ಯಾಡ್ರಿ. ಆ ಶಬ್ದದ ಭಾರ ಎಷ್ಟದ ಅಂತ ನಾನು ಅಲ್ಲೆ ನೋಡಿ ಬಂದೇನಿ.

ಆವತ್ತು ಸಂಜಿಕೆ ಹೊಳಿದಂಡಿಗೆ ಕಾಶಿನೆ ಅನ್ನೋ ದೊಡ್ಡ ತ್ವಾಟಕ್ಕ ಹೋದ್ವಿ. ನಮ್ಮನಿಯವರ ಹಟಾ. ಅದರ ಕಡೀ ತುದಿಗೆ, ಆರ್ನೋಕ್ಕ ಮುನ್ಯೋನೆ ಅನ್ನೋ ಸಣ್ಣ ಹೊಳಿ ಕೂಡೋ ಜಾಗಾದಾಗ, ಛತ್ರಿಯಂಥಾ ಒಂದು ಮಂಟಪ ಅದ. ಒಳಗ ಮುಂಡಾಸ ಸುತ್ತಿದ ಹುಡುಗನ ಮೂರ್ತಿ. ಯಾರಂತೀರಿ? ನಮ್ಮ ಕೊಲ್ಹಾಪುರದ ರಾಜಾರಾಮ ಮಹಾರಾಜ! ನಾವು ವರ್ಷಾ ಅಂಬಾಬಾಯಿಗೆ ಉಡಿ ತುಂಬ್ಲಿಕ್ಕೆ ಹೋಗೋ ಕೊಲ್ಹಾಪುರಽ. ಇಂಗ್ಲಂಡಿಗೆ ಹೋಗಿ ತಿರುಗಿ ಬರೋ ದಾರ್ಯಾಗ 1870ರ ನವೆಂಬರ್ 30ಕ್ಕ ಆ ಊರಾಗ ತೀರಿಕೊಂಡಾ. ಇನ್ನೂ 20 ವರ್ಷದ ಹುಡುಗಾ. ಎರಡು ಹೊಳಿ ಕೂಡೋ ಜಾಗಾ ಹುಡುಕಿ, ಅಲ್ಲಿನವರ ಪರವಾನಗಿ ತೊಗೊಂಡು, ನಮ್ಮ ಪದ್ಧತಿ ಪ್ರಕಾರ ಅಲ್ಲೇ ಸುಟ್ರು. 1874ರಾಗ ಆ ಮಂಟಪ ಆತು. ಅದರ ನಕಾಶಿ ಮಾಡಿದ ಚಾರ್ಲ್ಸ್ ಮ್ಯಾಂಟ್ ಅನ್ನಾಂವನಽ ಆಮ್ಯಾಲೆ ಕೊಲ್ಹಾಪುರದ ಹೊಸಾ ಅರಮನೀದೂ ನಕಾಶಿ ಮಾಡಿದಾ. ಬಾಜೂಕಿನ ದೊಡ್ಡ ಪೂಲಿಗೆ ಆ ಊರಿನವರು ಇಂದಿಗೂ "ಇಂಡಿಯಾದವನ ಪೂಲು" ಅಂತಽ ಕರೀತಾರ. "ನಮಗೇನು ಸಂಬಂಧ" ಅನ್ನೋರಿಗೆ ಇದು ಉತ್ತರಾ. ನಾನು ಬ್ಯಾಗಿನ್ಯಾಗ ಇದ್ದ ಒಂದು ಬೆಲ್ಲದ ತುಂಡು ಕಟ್ಟಿ ಮ್ಯಾಲೆ ಇಟ್ಟು ಬಂದೆ. ಯಾರ ಮಗನೋ ಏನೋ, ಅಷ್ಟು ದೂರ.

ಇನ್ನ ರೊಕ್ಕ. ಹೌದು, ರೊಕ್ಕಾ ಹೋತು. ಬಿಂದ್ಲಿ ಆಗ್ತಿದ್ವು, ಅದೂ ಖರೇ. ಆ ಊರಾಗ ವೆಕ್ಯೋ ಅಂತ ಹಳೇ ಪೂಲು ಅದ, 1345ರದು. ಎರಡೂ ಕಡೆ ಬರೇ ಬಂಗಾರದ ಅಂಗಡಿ. ಮೊದಲು ಕಸಾಯಿ ಅಂಗಡಿ ಇದ್ವಂತ, 1593ರಾಗ ಅಲ್ಲಿನ ದೊರಿ ಅವರನ್ನ ಎಬ್ಬಿಸಿ ಅಕ್ಕಸಾಲಿಗರನ್ನ ಕೂಡಿಸಿದಾ. ನಾ ಅಲ್ಲೆ ಕಡೀತನಕಾ ನಡದು ಹೋಗಿ ತಿರುಗಿ ಬಂದೆ, ಒಂದು ಗುಂಜಿ ತೂಗಿಸ್ಲಿಲ್ಲ. ನನ್ನ ಕಪಾಟಿನ್ಯಾಗ ಇರೋ ಬಂಗಾರಾ ನಾನು ವರ್ಷಕ್ಕ ಎರಡು ಸಲ ಹಾಕ್ಕೋತೀನಿ. ಆ ಗುಮ್ಮಟದ ಇಟ್ಟಂಗಿ ದಿನಾ ನೆನಸ್ತೀನಿ. ಲೆಕ್ಕಾ ನೀವಽ ಮಾಡ್ರಿ.

ಆದ್ರ ಒಂದು ಮಾತು ಒಪ್ಪಿಕೊಂಡು ಹೇಳ್ತೀನಿ. ರೊಕ್ಕಾ ಹಾಳಾಗೂದೂ ಅದ. ನಮ್ಮ ಬಳಗದಾಗಽ ಹತ್ತು ದಿವಸಕ್ಕ ಏಳು ದೇಶ ಅಂತ ಬಸ್ಸಿನ್ಯಾಗ ಹೋಗಿ ಬಂದವರಿದ್ದಾರ. ಫ್ಲಾರೆನ್ಸ್ ಹೆಂಗಿತ್ತು ಅಂದ್ರ "ಯಾವುದು, ಆ ವಾಲಿದ ಗೋಪುರಾನ?" ಅಂದ್ರು. ಅದು ಪೀಸಾ! ಇವರು ಫ್ಲಾರೆನ್ಸಿನ್ಯಾಗ ಇದ್ದದ್ದು ಮೂರು ತಾಸು, ಅದರಾಗ ಒಂದು ತಾಸು ಪನೀರಿನ ಊಟಕ್ಕ. ಹಂಗ ಹೋಗೂದಕ್ಕಿಂತಾ ಬಿಂದ್ಲಿ ಛಲೋ. ಹೋದ್ರ ಒಂದಽ ಊರು, ಎರಡು ದಿನಾ, ನಾಲ್ಕು ಜಾಗಾ. ಕೂತು, ನಿಂತು, ಮತ್ತೊಮ್ಮೆ ನೋಡಿ ಬರಬೇಕು.

ಮತ್ತ ಆ ಊರಾಗ ಇಷ್ಟೆಲ್ಲಾ ಉಳದದ್ದು ಯಾರಿಂದ ಗೊತ್ತದೇನು? ಮೆಡಿಚಿ ಮನೆತನದ ಕಡೀ ಹೆಣ್ಮಗಳು ಆನ್ನಾ ಮರಿಯಾ ಲೂಯಿಸಾ. ಜರ್ಮನಿಗೆ ಕೊಟ್ಟಿದ್ರು, ಮಕ್ಕಳಾಗ್ಲಿಲ್ಲ, ಗಂಡ ತೀರಿಕೊಂಡ ಮ್ಯಾಲೆ ತವರಿಗೆ ಬಂದ್ಲು. 1737ರಾಗ ತಮ್ಮನೂ ಹೋದಾ, ರಾಜ್ಯಾ ಬ್ಯಾರೆ ಮನೆತನದವರ ಕೈಗೆ ಹೋತು. ಆವಾಗ ಅಕಿ ಹೊಸಾ ದೊರಿ ಜೋಡಿ ಕರಾರು ಮಾಡಿಕೊಂಡ್ಲು. ಚಿತ್ರಾ, ಮೂರ್ತಿ, ಪುಸ್ತಕ, ಏನೂ ಈ ಊರು ಬಿಟ್ಟು ಹೋಗಬಾರದು, ಇವು ಊರಿನ ಶೋಭಾಕ್ಕ, ಜನರ ಉಪಯೋಗಕ್ಕ, ಹೊರಗಿನವರು ನೋಡ್ಲಿಕ್ಕೆ ಬರೋ ಸಲುವಾಗಿ ಇರಬೇಕು ಅಂತ. ಮಕ್ಕಳಿಲ್ಲದಾಕಿ ಅಂತ ನಾವು ಮುತ್ತೈದಿಯರ ಸಾಲಿನ್ಯಾಗ ಹಿಂದ ಕೂಡಸ್ತೀವಲ್ಲ, ವಿಧವಾ ಅಂತ ಅರಿಷಿಣ ಕುಂಕುಮಕ್ಕ ಕರಿಯೂದಿಲ್ಲಲ್ಲ, ಅಂಥಾಕಿ ಇಡೀ ಊರಿನ ಸ್ವತ್ತು ಉಳಿಸಿದ್ಲು. ಹೊರಗಿನವರು ಬಂದು ನೋಡಲಿ ಅಂದ್ಲು. ಅಂದ್ರ ನನ್ನ ಕರದಾಕಿ ಅಕಿ. ಕರದ್ರು, ಹೋದೆ.

ಕಡೀಕೆ ನನ್ನ ಅವ್ವನ ಸುದ್ದಿ.

ನಮ್ಮ ತವರುಮನಿ ದೇವರು ಬನಶಂಕರಿ. ಅವ್ವ ಲಗ್ನ ಆಗಿ ಬಂದಾಗಿಂದ ಹಾಸಿಗಿ ಹಿಡಿಯೋತನಕಾ ವರ್ಷಾ ತಪ್ಪದಽ ಬಾದಾಮಿ ಬನಶಂಕರಿಗೆ ಹೋಗ್ಯಾಳ. ಅಲ್ಲಿಂದ ಮೇಣಬಸದಿ ಎಷ್ಟು ದೂರ? ಟಾಂಗಾದಾಗ ಹೋಗಿ ಬರೋವಷ್ಟು. ಅಪ್ಪ, ಕಾಕಾ, ನಾವು ಹುಡುಗೂರು ಹೋಗಿ ನೋಡಿ ಬರ್ತಿದ್ವಿ. ಮೂರನೇ ಗವಿಯೊಳಗ ಹಾವಿನ ಮ್ಯಾಲೆ ಕೂತ ವಿಷ್ಣು, 578ರಾಗ ಆದದ್ದು, ಸಾವಿರದ ನಾನೂರು ವರ್ಷ ಮ್ಯಾಲಾತು. ನಾವು ಬರೋದ್ರಾಗ ಅವ್ವ ನೂರೆಂಟು ಪಲ್ಯಾದ ನೈವೇದ್ಯಕ್ಕ ಹೆಚ್ಚಿಕೋತ ಕೂತಿರ್ತಿದ್ಲು. "ನೀನೂ ಬಾ ಅವ್ವಾ" ಅಂದ್ರ "ಮುಂದಿನ ವರ್ಷ" ಅಂತಿದ್ಲು. ಅಕಿ ಹೋಗಿ ಹದಿನಾಲ್ಕು ವರ್ಷಾತು. ಮೇಣಬಸದಿ ನೋಡ್ಲಿಲ್ಲ.

ಯಾರೂ ಅಕಿಗೆ ಹೋಗಬ್ಯಾಡ ಅಂದಿರ್ಲಿಲ್ಲ. ಅದಽ ನನ್ನ ಸಿಟ್ಟು. ಯಾರೂ ತಡೀಲಿಲ್ಲ, ಆದ್ರ ಆ ಚೂರಿ, ಈಳಿಗಿ ಒಂದು ತಾಸು ನಾ ಹಿಡೀತೀನಿ ಅಂತನೂ ಯಾರೂ ಅನ್ಲಿಲ್ಲ. ನಾನೂ ಅನ್ಲಿಲ್ಲ.

ಆದ್ದರಿಂದ ಇದು ಫ್ಲಾರೆನ್ಸಿನ ಮಾತಲ್ಲ. ಎಲ್ಲಾರ ಮಕ್ಕಳೂ ಪರದೇಶದಾಗ ಇರೂದಿಲ್ಲ, ಇರಬೇಕಾಗೂ ಇಲ್ಲ. ಬಾದಾಮಿ ಸಾಕು, ಪಟ್ಟದಕಲ್ಲು ಸಾಕು, ಹಂಪಿ ಸಾಕು. ಆದ್ರ ನೈವೇದ್ಯದ ಜೋಡಿ ಅಲ್ಲ, ಬಾಣಂತನದ ಜೋಡಿ ಅಲ್ಲ, ಮದವಿ ಮನಿಗೆ ಹೋದಾಗ ದಾರ್ಯಾಗ ಅಲ್ಲ. ನೋಡ್ಲಿಕ್ಕೆ ಅಂತಽ ಹೊಂಡ್ರಿ. ಗಂಡ ಬರ್ತೀನಿ ಅಂದ್ರ ಕರಕೊಂಡು ಹೋಗ್ರಿ, ಬ್ಯಾಗು ಹಿಡೀಲಿಕ್ಕೆ ಛಲೋ ಆಗ್ತದ. ಬರೂದಿಲ್ಲ ಅಂದ್ರ ನಿಮ್ಮ ಅಕ್ಕನ್ನ ಕರೀರಿ, ಬಾಜೂ ಮನ್ಯಾಕಿನ್ನ ಕರೀರಿ.

ಮತ್ತ ಹೆಣ್ಮಕ್ಕಳಿಗೆ, ಸೊಸೆಯಂದ್ರಿಗೆ ಒಂದು ಮಾತು. ಬಾಣಂತನಕ್ಕ ಅವ್ವನ್ನೋ ಅತ್ತೀನ್ನೋ ಕರಸ್ತೀರಲ್ಲ, ವಿಮಾನದ ತಿಕೀಟು ತಗಿಯೋ ದಿನಾನಽ ಮೂರು ದಿವಸದ ಇನ್ನೊಂದು ತಿಕೀಟು ತಗದು ಇಡ್ರಿ. "ನಿನಗ ಬೇಕೇನು" ಅಂತ ಕೇಳಬ್ಯಾಡ್ರಿ. ಕೇಳಿದ್ರ ನಾವು ಬ್ಯಾಡ ಅಂತೀವಿ. ನಮಗ ಬೇಕು ಅನ್ಲಿಕ್ಕೆ ಯಾರೂ ಕಲಿಸಿಲ್ಲ.

ಮುಂದಿನ ತಿಂಗಳ ಎರಡನೇ ಶನಿವಾರ ನಾನು ಬಾದಾಮಿಗೆ ಹೊಂಟೇನಿ. ಗಾಡ್ಯಾಗ ಮೂರು ಜಾಗಾ ಖಾಲಿ ಅವ. ಒಂದು ಜಾಗಾ ಮಾವಶಿ ಸಲುವಾಗಿ ಇಟ್ಟೇನಿ, ಅವರು ಇದನ್ನ ಓದ್ತಾರ ಅಂತ ನನಗ ಗೊತ್ತದ. ಮಾವಶಿ, ಬರ್ರಿ. ಬುತ್ತಿ ನಾ ತರ್ತೀನಿ, ನೀವು ಬರಿಗೈಲೆ ಬರ್ರಿ. ದಾರಿಯುದ್ದಕ್ಕೂ ಬೇಕಾದಷ್ಟು ಬೈರಿ, ಮೆಟ್ಟಲಾ ಮಾತ್ರ ಕೂಡಿ ಹತ್ತೂಣು.